ಶೇಷ

ದೂರು ಬಂದದ್ದು ಹೀಗೆ:
ಕಾನ್‌ಸ್ಟಾಂಟ್ಸಾ ಬಂದರಿನ ಏಳನೇ ಧಕ್ಕೆಯಲ್ಲಿ
ರಾತ್ರಿಪಾಳಿಗೆ ಹೆಸರೆತ್ತುವ ಕಂಪ್ಯೂಟರಿಗೆ
ಹಳಬರ ಮೇಲೆ ಹಗೆ.
ಬರೆದವನು ಗಾವ್ರಿಲ, ಬಿಲ್ಲೆ ಸಂಖ್ಯೆ ಹನ್ನೆರಡು.
ಪೆನ್ಸಿಲ್ಲಿನಲ್ಲಿ. ಕಾಗದಕ್ಕೆ ಗ್ರೀಸಿನ ವಾಸನೆ.

ನಗು ಬಂತು, ಸುಳ್ಳು ಯಾಕೆ.
ಇಪ್ಪತ್ತು ವರ್ಷದಿಂದ ಇದೇ ಕೆಲಸ. ಜೂಜಿನ ಪೆಟ್ಟಿಗೆ, ಲಾಟರಿ,
ಎಲ್ಲಿ ಅಂಕಿ ಉದುರುತ್ತದೋ ಅಲ್ಲಿ ತಕ್ಕಡಿ ಹಿಡಿದು ಕೂರುವುದು.
ಸೋತವರೆಲ್ಲ ಹೇಳುವುದು ಒಂದೇ:
ಒಳಗೆ ಯಾರೋ ಇದ್ದಾರೆ,
ನನ್ನನ್ನೇ ನೋಡುತ್ತಾರೆ.

ಸೊನ್ನೆಯಿಂದ ಒಂಬತ್ತು, ಮನಸ್ಸಿಗೆ ಬಂದಂತೆ
ಬರೆಯುತ್ತ ಹೋಗಿ, ಅಂದೆ.
ಬರೆದ. ತುಟಿ ಕಚ್ಚಿಕೊಂಡು, ಇನ್ನೂರು ಅಂಕಿ.
ಒಂದಾದರೂ ತನ್ನ ಬೆನ್ನಿಗೇ ತಾನು ಬಂದಿರಲಿಲ್ಲ.
ನೋಡಿ, ಅಂದೆ, ಮನುಷ್ಯನ ಕೈಗೆ ನಾಚಿಕೆ,
ಏಳರ ಪಕ್ಕ ಏಳು ಹಾಕಲು ಅಳುಕುತ್ತದೆ.
ಆಕಸ್ಮಿಕಕ್ಕೆ ಆ ಹಂಗಿಲ್ಲ.
ಒಬ್ಬನ ಬಾಗಿಲನ್ನೇ ಮೂರು ರಾತ್ರಿ ತಟ್ಟಿ
ನಾಲ್ಕನೆಯ ರಾತ್ರಿ ಅವನ ಬೀದಿಯನ್ನೇ ಮರೆಯುತ್ತದೆ.
ಅದು ಹಗೆಯಲ್ಲ.

ಅವನು ಮಾತಾಡಲಿಲ್ಲ.
ಊಟದ ಡಬ್ಬಿಯ ಅಡಿಯಿಂದ ಒಂದು ನೋಟ್‌ಬುಕ್ ತೆಗೆದ.
ಹದಿನೆಂಟು ತಿಂಗಳು, ರಾತ್ರಿಗೆ ಇಪ್ಪತ್ತು ಬಿಲ್ಲೆ.
ಐದೈದರ ಕಟ್ಟು ಕಟ್ಟಿದ ಗೀಟುಗಳು,
ಉಪ್ಪುನೀರಿಗೆ ಹರಡಿದ ಕಡೆ ಮತ್ತೆ ತಿದ್ದಿದವು.
ಹನ್ನೆರಡಕ್ಕೆ ನೂರಾ ಇಪ್ಪತ್ತೊಂದು.
ತೊಂಬತ್ತೊಂದಕ್ಕೆ ಎಂಬತ್ತಾರು.
ಇಟ್ಟು ಹೋದ.

ಆ ರಾತ್ರಿ ಯಂತ್ರದ ಮುಂದೆ ಕೂತೆ.
ಕೋಟಿ ಸಲ ಅಂಕಿ ಉದುರಿಸಿದೆ,
ಪ್ರತಿ ಸಲಕ್ಕೆ ಒಂದು ಬೈಟು, ಸೊನ್ನೆಯಿಂದ ಇನ್ನೂರೈವತ್ತೈದು.
ಎಣಿಸಿದೆ, ಜೋಡಿ ಕಟ್ಟಿ ಎಣಿಸಿದೆ,
ಏರಿಳಿತದ ಓಟಗಳನ್ನು ಅಳೆದೆ,
ಕೈ-ಸ್ಕ್ವೇರ್ ಒರೆಗಲ್ಲಿಗೆ ಉಜ್ಜಿದೆ.
ಮಟ್ಟಸ. ಗಾಳಿ ಬಿದ್ದ ಕಪ್ಪುಸಮುದ್ರದ ಹಾಗೆ.
ಯಂತ್ರ ನಿರ್ದೋಷಿ, ಎಂದು
ವರದಿಯ ಮೊದಲ ಸಾಲೂ ಬರೆದಾಯಿತು.

ಹೊರಗೆ ಕ್ರೇನು ಕಿರುಗುಟ್ಟಿತು.
ಎಷ್ಟು ಮುಚ್ಚಿದರೂ ತೆರೆದುಕೊಳ್ಳುವ ಆ ನೋಟ್‌ಬುಕ್ಕಿನ ರಟ್ಟು.
ಕಣ್ಣು ಹೋಯಿತು:
ಐವತ್ತೈದರ ತನಕ ಒಂದು ಎತ್ತರ,
ಐವತ್ತಾರರಿಂದ ಆಚೆ ತಗ್ಗು.
ಇಳಿಜಾರಲ್ಲ, ಮೆಟ್ಟಿಲು.
ಹಗೆ ಇಷ್ಟು ನೇರವಾಗಿ ಕೊಯ್ಯುವುದಿಲ್ಲ.

ಹುಟ್ಟಿದ ಅಂಕಿಯನ್ನು ಬಿಲ್ಲೆ ಮಾಡುವ ಜಾಗ ಹುಡುಕಿದೆ.
ಒಂದೇ ಸಾಲು, ಯಾರೋ ಕಾಫಿ ಆರುವ ಮುಂಚೆ ಬರೆದದ್ದು:
ನೂರರಿಂದ ಭಾಗಿಸು, ಉಳಿದದ್ದೇ ಬಿಲ್ಲೆ.
ಇನ್ನೂರೈವತ್ತಾರು ತುತ್ತು, ನೂರು ಎಲೆ.
ಎರಡು ಸುತ್ತು ಎಲ್ಲರಿಗೂ ಬಂತು.
ಮೂರನೆಯ ಸುತ್ತು ಐವತ್ತಾರು ಎಲೆಗೇ ತೀರಿತು.
ಪಂಕ್ತಿಭೇದ ಮಾಡಿದ್ದು ಬಡಿಸುವ ಕೈಯಲ್ಲ,
ಭಾಗಾಕಾರ.
ಬಡಿಸಿದ್ದು ಮಾತ್ರ ರಾತ್ರಿ.
ಹದಿನೆಂಟು ತಿಂಗಳಿಂದ ಇಡೀ ಧಕ್ಕೆ ನಿಂತದ್ದು
ಶೇಷನ ಹೆಡೆಯ ಮೇಲೆ,
ಅವನ ಬೆನ್ನುನೋವು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಮದ್ದು ಸುಲಭ. ಇನ್ನೂರೋ ಅದರ ಮೇಲೋ ಬಂದರೆ
ಚೆಲ್ಲಿಬಿಡು, ಮತ್ತೆ ಎತ್ತು.
ಎರಡು ಸಾಲು. ಬೆಳಗಿನ ಜಾವ ನಾಲ್ಕಕ್ಕೆ ಸೇರಿಸಿದೆ.

ಮರುದಿನದ ಪಟ್ಟಿಯಲ್ಲಿ ತೊಂಬತ್ತೊಂದು.
ರುಕ್ಸಾಂದ್ರಾ, ಫೋರ್ಕ್‌ಲಿಫ್ಟ್ ಓಡಿಸುವವಳು,
ಎದೆಗೆ ಕೂಸು ಕಟ್ಟಿಕೊಂಡೇ ಬಂದು ಕೇಳಿದಳು:
ನಿನ್ನೆ ಇದಕ್ಕೆ ಏನು ಮಾಡಿದಿರಿ?
ಸರಿ ಮಾಡಿದೆ, ಅಂದೆ.
ಕೂಸು ಆಕಳಿಸಿತು.
ವರದಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಗಾವ್ರಿಲ ಬಂದದ್ದು ಸಂಜೆ. ಪೂರ್ತಿ ಕೇಳಿಸಿಕೊಂಡ.
ಹಾಗಾದರೆ ಒಳಗೆ ಯಾರೂ ಇರಲಿಲ್ಲವೇ?
ಇರಲಿಲ್ಲ.
ಅವನ ಮುಖ ಇಳಿಯಿತು.
ಹದಿನೆಂಟು ತಿಂಗಳು ಬೈದುಕೊಂಡು ಬಂದವನಿಗೆ
ಕೊನೆಗೆ ಬೈಯಲು ಒಬ್ಬನೂ ಸಿಗಲಿಲ್ಲ.

ನೋಟ್‌ಬುಕ್ ತೆಗೆದುಕೊಂಡ. ಕಿವಿಯ ಹಿಂದಿನ ಪೆನ್ಸಿಲ್ ಇಳಿಸಿ
ಹೊಸ ಹಾಳೆಯ ತುದಿಗೆ ತಾರೀಖು ಹಾಕಿದ.
ನೋಡೋಣ, ಅಂದ.