ಏಳೂವರೆ

ಬ್ಯಾಂಡಿಗೆ ಆ ಹೆಸರಿಟ್ಟಾಗ
ಮಂಡಿ ಮೊಹಲ್ಲಾದ ಜ್ಯೋತಿಷಿ ನಕ್ಕಿದ್ದನಂತೆ:
'ಶನಿಯನ್ನ ತಾವೇ ಕರೆದು ಮಣೆ ಹಾಕೋರುಂಟೇನ್ರಪ್ಪ?'
ಅವರು ಹೆಸರಿಟ್ಟದ್ದು ಗ್ರಹ ನೋಡಿ ಅಲ್ಲ, ಲೆಕ್ಕ ನೋಡಿ.
ಮೂರು ಸಲ ತಕದಿಮಿ, ಒಂದು ಸಲ ತಕಿಟ,
ಎರಡರಿಂದ ಭಾಗಿಸಿ,
ಏಳೂವರೆ.
ಎಂಟನೆಯ ಮೆಟ್ಟಿಲಿಗೆ ಕಾಲೆತ್ತಿದವನು
ಅರ್ಧ ಮೆಟ್ಟಿಲಿಲ್ಲದೆ ಮುಗ್ಗರಿಸುತ್ತಾನೆ.
ಆ ಮುಗ್ಗರಿಕೆಯೇ ಹಾಡು.

ನಾನು ಮುಗ್ಗರಿಸಿದ್ದು ಎಂಬತ್ತಾರರಲ್ಲಿ.
ಯಾದವಗಿರಿಯ ಮೋಟರ್ ಸೈಕಲ್ ಫ್ಯಾಕ್ಟರಿಯಲ್ಲಿ
ಎಂಜಿನ್ನಿಗೆ ಕಿವಿ ಕೊಡುವುದು ನನ್ನ ಕೆಲಸ.
ಬಡಿತ ತಪ್ಪಿದರೆ ಕಾಯಿಲೆ,
ಬಿಚ್ಚು, ಉಜ್ಜು, ಮತ್ತೆ ಜೋಡಿಸು.
ಅವತ್ತು ಟೌನ್‌ಹಾಲಿನಲ್ಲಿ ನಾಲ್ವರು
ಬೇಕೆಂದೇ ಬಡಿತ ತಪ್ಪಿಸುತ್ತಿದ್ದರು.
ತಪ್ಪಿದ್ದು ಮತ್ತೆ ಮತ್ತೆ ಅದೇ ಜಾಗದಲ್ಲಿ ತಪ್ಪಿ
ಸರಿಯಾಗಿಬಿಡುತ್ತಿತ್ತು.
ಗ್ರೀಸು ಹೋಗದ ಬೆರಳು ಮಡಚಿ ಎಣಿಸುತ್ತಾ ಕೂತೆ.
ಕುರ್ಚಿಗಳು ಅರ್ಧಕ್ಕರ್ಧ ಖಾಲಿ.

ಅಲಾಯ್ಸಿಯಸ್ಸನ ಗಿಟಾರು. ಇಗರ್ಜಿಯಲ್ಲಿ ಕೈ ಪಳಗಿಸಿಕೊಂಡು ಬಂದ
ರೆಜಿನಾಳ ಆರ್ಗನ್. ಹಾಡುತ್ತಾ ಬೇಸ್ ನುಡಿಸುವ ಇಫ್ತಿಕಾರ್.
ಹಿಂದೆ, ಮೃದಂಗ ಬಿಟ್ಟು ಬಂದಿದ್ದಕ್ಕೆ
ಮೇಷ್ಟರಿಂದ ಬೈಸಿಕೊಂಡ ಪುಟ್ಟಮಾದು,
ಡ್ರಮ್ಸಿನ ಮುಂದೂ ಚಕ್ಕಂಬಕ್ಕಳ ಹಾಕಿ ಕೂರಲು ನೋಡಿದವನು.

'ನೀರಡಿಯ ಊರು', ಇಪ್ಪತ್ತಮೂರು ನಿಮಿಷ.
ಕನ್ನಂಬಾಡಿ ಕಟ್ಟೆಯ ಹಿಂದೆ ಮುಳುಗಿದ
ಮನೆಗಳ ಹಾಡು. ಕ್ಯಾಸೆಟ್ಟಿನ ಒಂದು ಬದಿಗೆ ಹಿಡಿಸಲಿಲ್ಲ.
'ನೀರು ಹೊಸಿಲು ಮುಟ್ಟಿದಾಗ' ಅನ್ನುತ್ತಿದ್ದ ಹಾಗೇ
ಟಕ್.
ಎದ್ದು ಹೋಗಿ ತಿರುವಿ ಹಾಕಬೇಕು.
ನಮ್ಮ ದೇವಾಜಮ್ಮಣ್ಣಿಗೆ ಅದು ಅಡುಗೆಯ ಗಡಿಯಾರ:
ಮೊದಲ ಬದಿಗೆ ಅನ್ನ ಕುದಿ ಹತ್ತುತ್ತೆ,
ಎರಡನೇ ಬದಿ ಮುಗಿದರೆ ಗಂಜಿ ಬಸಿಯಬಹುದು.
ಬೇರೆ ಉಪಯೋಗ ಅವಳಿಗೆ ಕಾಣಲಿಲ್ಲ.
ಕಾಣಿಸಲು ಹೋಗಿ ನಾನು ಸೋತೆ.

ತೊಂಬತ್ತನಾಲ್ಕರಲ್ಲಿ ಅವರು ಕೆಟ್ಟರು.
ಕುಣಿಯುವ ಹಾಡು, ನಾಲ್ಕೇ ನಿಮಿಷ, ನಾಲ್ಕೇ ಎಣಿಕೆ.
ಕೊಂಡ ಕ್ಯಾಸೆಟ್ಟನ್ನು ಅದೇ ಸಂಜೆ
ದೇವರಾಜ ಮಾರ್ಕೆಟ್ಟಿನ ಅಂಗಡಿಗೆ ಹಿಂತಿರುಗಿಸಿದೆ,
ದುಡ್ಡು ಕೇಳಲಿಲ್ಲ.
ಎರಡು ವರ್ಷಕ್ಕೆ ಫ್ಯಾಕ್ಟರಿಯೂ ಬಾಗಿಲು ಹಾಕಿತು.
ಕೋಪವನ್ನೆಲ್ಲ ಒಂದೇ ಚೀಲಕ್ಕೆ ತುಂಬಿದೆ ಅಂತ ಕಾಣುತ್ತದೆ,
ಹನ್ನೊಂದು ವರ್ಷ ಅವರನ್ನು ಕೇಳಲಿಲ್ಲ.
ಎದುರು ಸಿಕ್ಕ ಅಲಾಯ್ಸಿಯಸ್ಸನಿಗೆ
ಒಂದು ನಮಸ್ಕಾರವನ್ನೂ ಹೇಳಲಿಲ್ಲ.
ಪಾಪ, ಅವನಿಗೆ ನನ್ನ ಗುರುತೇ ಇರಲಿಲ್ಲ.

ಹೋದ ಶನಿವಾರ ಮತ್ತೆ ಅದೇ ಟೌನ್‌ಹಾಲು.
ಇಫ್ತಿಕಾರನ ಮೇಲಿನ ಷಡ್ಜ ಈಗ ಬರೀ ಗಾಳಿ,
ರೆಜಿನಾ ಕನ್ನಡಕದ ಮೇಲೆ ಕನ್ನಡಕ ಹುಡುಕುತ್ತಾಳೆ.
ಪುಟ್ಟಮಾದು ಇಲ್ಲ. ಅವನ ಜಾಗದಲ್ಲಿ ಮಗಳು ಇಂಚರ,
ಅಪ್ಪನದೇ ಕೋಲು, ಹಿಡಿಗೆ ಸುತ್ತಿದ ಹೊಸ ಟೇಪು.

ವೇದಿಕೆಯ ಮೇಲೆ ಆ ಹಾಡನ್ನು
ಅವರು ಎಂದೂ ತುಂಡು ಮಾಡಿದವರಲ್ಲ.
ಪ್ರತಿ ಸಲ ನೀರು ಸರಾಗ ಒಳಗೆ ನುಗ್ಗುತ್ತಿತ್ತು,
ಪ್ರತಿ ಸಲ ನನಗೆ ಏನೋ ಕಡಿಮೆ.
ಅವತ್ತು, 'ನೀರು ಹೊಸಿಲು ಮುಟ್ಟಿದಾಗ',
ಹುಡುಗಿ ನಿಲ್ಲಿಸಿಬಿಟ್ಟಳು.
ಕೋಲೆರಡೂ ಗಾಳಿಯಲ್ಲಿ.
ಕರೆಂಟು ಹೋಯಿತೇನೋ ಅಂದುಕೊಂಡರು ಯಾರೋ.
ಅಲಾಯ್ಸಿಯಸ್ ತಿರುಗಿ ನೋಡಿದ.
ಅವಳು ನಿರಾಳವಾಗಿ ಕಾಯುತ್ತಿದ್ದಳು,
ಅಪ್ಪ ಹೋದ ಮೇಲೆ ಕ್ಯಾಸೆಟ್ಟಿನಿಂದ ಕಲಿತವಳು,
ಅದೂ ಹಾಡಿನ ಭಾಗವೆಂದೇ ತಿಳಿದು.

ಜೇಬಿನೊಳಗೆ ನನ್ನ ಹೆಬ್ಬೆರಳು
ಏನನ್ನೋ ಒತ್ತಿತು, ತೆಗೆಯಿತು, ತಿರುವಿ ಹಾಕಿತು.
ಆಮೇಲೆ ನೀರು ಬಂತು.

ಮನೆ ಸೇರಿದಾಗ ಹತ್ತೂಕಾಲು.
'ಯಾಕೆ ತಡ?' ಅಂದಳು ದೇವಾಜಮ್ಮಣ್ಣಿ, 'ಹಾಡು ಉದ್ದ ಆಯ್ತಾ?'
'ಹೂಂ,' ಅಂದೆ.
'ಐದು ಸೆಕೆಂಡು.'