ಗುಂಜಿ ತೂಕ

ಚಿಲವೇರಿ ನಾಗನಾಥ ಒಂದು ಚೀಟಿ ಹಿಡಕೊಂಡು ಬಂದ.
ಕಾರ್ಬುರೇಟರ್ ದೊಡ್ಡದು, ಅದೂ ಎರಡು.
ರೇಸಿನ ಕ್ಯಾಮು.
ಹೆಡ್ಡು ಎಷ್ಟು ಕೆರದರ ಅಷ್ಟು ಚಲೋ.
ಗಾಡಿ ಅವನ ಅಜ್ಜಂದು, ಅರವತ್ತೊಂಬತ್ತರ ಫಿಯಾಟು,
ಒಂದು ಕಾಲಕ್ಕ ಹಿಂದಿನ ಸೀಟಿನ ತುಂಬ ಚಾದರಿನ ಗಂಟು;
ಈಗೂ ಡಿಕ್ಕಿ ತಗದರ ನೂಲಿನ ಧೂಳಿನ ವಾಸನಿ.

ಚಾ ಕುಡಿ, ಅಂದೆ. ಕುಂತು ಕುಡಿ.
ನಿನ್ನ ರೇಸು ಎಲ್ಲೈತಿ?
ಅಕ್ಕಲಕೋಟ ರಸ್ತೆದಾಗ ಕಬ್ಬಿನ ಟ್ರಾಲಿ ಐತಿ,
ವಳಸಂಗದ ಹತ್ರ ಎಮ್ಮಿ ಐತಿ,
ಎಮ್ಮಿಗೆ ಏಳು ಸಾವಿರ ಸುತ್ತಿನ ಲೆಕ್ಕ ತಿಳಿಯೂದಿಲ್ಲ.
ಮ್ಯಾಲೆ ಹಾರೂ ಎಂಜಿನ್ನು ಕೆಳಗ ಸತ್ತಿರತೈತಿ,
ಸಿಗ್ನಲ್ಲಿನಾಗ ಕೆಮ್ಮತೈತಿ,
ಮಂದಿ ನೋಡತಾರ, ನೀ ಬೆವರತಿ.
ಎಮ್ಮಿ ದಾಟಿದ ಮ್ಯಾಲೆ, ಮೂರನೇ ಗೇರಿನಾಗ,
ಗೇರು ಇಳಿಸದ, ಸುಮ್ಮನ ಕಾಲೂರಿದರ
ಯಾರೋ ಹಿಂದಿನಿಂದ ಬೆನ್ನಿಗೆ ಅಂಗೈ ಇಟ್ಟಂಗ
ಆಗಬೇಕು. ಅದು ಬೇಕು ನಿನಗ.

ಚೀಟಿ ಮಡಚಿ ಕಿಸೆದಾಗ ಇಟ್ಟ. ಒಪ್ಪಲಿಲ್ಲ.
ಗಾಡಿ ಮಾತ್ರ ಬಿಟ್ಟು ಹ್ವಾದ.

ಬೋರು ಮಾಡಿಸಿ ಬ್ಲಾಕು ಬಂತು.
ಹೊಸ ಪಿಸ್ಟನ್ನು ನಾಕೂ ಟೇಬಲ್ಲಿನ ಮ್ಯಾಲೆ ನಿಂದರಿಸಿದೆ,
ಒಂದ ಬಸಿರಿನ ಮಕ್ಕಳಂಗ, ನೋಡಾಕ ಫರಕಿಲ್ಲ.
ಡಬ್ಬಿ ಮ್ಯಾಲಿನ ಮಾತು ನಾ ನಂಬೂದಿಲ್ಲ.
ಸೆರಗಿನಾಗ ಕಟಗೊಂಡು ಸರಾಫ ಓಣಿಗೆ ನಡದೆ.

ಕಾಳಪ್ಪ ಪೋತದಾರ ನಕ್ಕ:
"ನೀಲವ್ವಾ, ಈ ಸಲರೆ ಬಂಗಾರ ತಂದಿ ಅನಕೊಂಡಿದ್ದೆ."
ಗಾಜಿನ ಬಾಗಿಲು ತಗದು
ತಾಳಿ ತೂಗೂ ಜಾಗಾದಾಗ ಪಿಸ್ಟನ್ನು ಕುಂಡ್ರಿಸಿದ.
ಎರಡನೇದು ಎಲ್ಲಕ್ಕೂ ಹಗರ.
ನಾಕನೇದು ಅದಕ್ಕಿಂತ ಮೂರು ಗ್ರಾಂ ಹೆಚ್ಚು.
"ಮೂರು ಗ್ರಾಂ ಏನ ದೊಡ್ಡದು?" ಅಂದ ಅವನ ಮಗ.
ಅಪ್ಪ ಮಗನ ಕಡೆ ನೋಡಿದ ನೋಟ
ನಾ ಇಲ್ಲಿ ಬರಿಯೂದಿಲ್ಲ.

ಕೂಡಿಸಾಕ ಬರೂದಿಲ್ಲ, ಕಳಿಯೂದಷ್ಟ ನಮ್ಮ ಕೈಯಾಗ.
ಹಗರಿದ್ದದ್ದ ಅಳತಿ. ಉಳದವು ಅದರ ಕಡೆ ಬರಬೇಕು.
ಒಳಗ, ಯಾರ ಕಣ್ಣಿಗೂ ಬೀಳದ ಗಂಟಿನ ಹತ್ರ
ಕಾನಸು ತಿಕ್ಕಿದೆ, ತೂಗಿದೆ, ಮತ್ತ ತಿಕ್ಕಿದೆ;
ಬೆರಳಿಗೆ ಮೆತ್ತಿದ ಪುಡಿ ವಿಭೂತಿ ಹಂಗ.
ರಾಡಿಂದು ಇನ್ನೂ ಕಿರಿಕಿರಿ:
ದೊಡ್ಡ ತುದಿ ಬ್ಯಾರೆ ತೂಗು, ಸಣ್ಣ ತುದಿ ಬ್ಯಾರೆ ತೂಗು,
ಒಟ್ಟು ಸರಿ ಬಂದರ ಸರಿ ಬಂತು ಅಂತಲ್ಲ.
ನಮ್ಮ ಮನಿ ಮಂದಿಗೂ ಈ ಮಾತು ಹೇಳಬೇಕಿತ್ತು.

ಅಪ್ಪ ಗಿರಣ್ಯಾಗ ಫಿಟ್ಟರ್ ಇದ್ದ.
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕ, ಹಿಡಿ ಕಿವಿಗೆ ಹಚ್ಚಿ
ಸಾಲಿನಾಗ ಅಳೂ ಸ್ಪಿಂಡಲ್ಲು ಯಾವದು ಅಂತ ಹೇಳತಿದ್ದ.
ಭೋಂಗಾ ನಿಂತ ದಿನ ಮನಿಗೆ ಬಂದು
ಮಾತಾಡಲಿಲ್ಲ,
ಅವ್ವನ ಹೊಲಿಗಿ ಮಷೀನಿಗೆ ಎಣ್ಣಿ ಬಿಟ್ಟ.
ಸ್ಕ್ರೂಡ್ರೈವರ್ ನನ್ನ ಹತ್ರ ಐತಿ,
ಹಿಡಿ ಅವನ ಹೆಬ್ಬೆರಳಿನಷ್ಟ ಸವದೈತಿ.

ಕಾರ್ಬುರೇಟರ್ ಒಂದ. ಕ್ಯಾಮು ಸೌಮ್ಯ.
ಹೆಡ್ಡು, ಕೂದಲೆಳಿ ಕೆರದದ್ದಷ್ಟ.
ವಾಲ್ವಿನ ಕೂರಿಗೆ ಪೆಟ್ರೋಲು ಸುರುವಿ ರಾತ್ರಿ ಬಿಟ್ಟೆ,
ಮುಂಜಾನೆ ಹನಿ ಇಳದಿರಲಿಲ್ಲ.

ನಾಗನಾಥ ಕಿಸೆದಾಗಿಂದ ಚೀಟಿ ತಗೀಲಿಲ್ಲ, ಹಳೇ ಎಂಟಾಣೆ ತಗದ.
ನಡಿಯೂ ಎಂಜಿನ್ನಿನ ಮ್ಯಾಲೆ ಅಡ್ಡಂಚಿಗೆ ನಿಂದರಿಸಿದ.
ನಿಂತಿತು. ಮೂರು ಉಸಿರು. ಬಿತ್ತು.
ಮಾರಿ ಸಣ್ಣದಾತು ಅವಂದು.

ನಾಕು ಸಿಲಿಂಡರಿಗೆ ಹುಟ್ಟಾ ಒಂದು ನಡುಕ ಇರತೈತಪ್ಪಾ,
ಅದು ಕಾಳಪ್ಪನ ತಕ್ಕಡಿಗೂ ಸಿಗೂದಿಲ್ಲ.
ನಾ ತಗದದ್ದು ಮಂದಿ ಕೂಡಿಸಿದ್ದಷ್ಟ.
ಉಳದದ್ದು ಅದರ ಜೀವ. ಇರಲಿ ಬಿಡು.

ವಳಸಂಗದ ಎಮ್ಮಿ ಆವತ್ತೂ ಅಡ್ಡ ನಿಂತಿತ್ತು.
ದಾಟಿತು. ಮೂರನೇ ಗೇರು.
ಅವ ಕಾಲೂರಿದ.
ಏನೂ ಅನ್ನಲಿಲ್ಲ.
ಊರು ಬಂದ ಮ್ಯಾಲೆ ಯಾಕೋ ಗಾಡಿ ತಿರುಗಿಸಿ
ಮತ್ತ ಎಮ್ಮಿ ಕಡೆಗೆ ಹೊಂಟ.
ಪೆಟ್ರೋಲಿನ ಮುಳ್ಳು ಇಳೀತಿತ್ತು,
ಇಬ್ಬರೂ ನೋಡಲಿಲ್ಲ.