ಒಂಬತ್ತಕ್ಕೆ ಹನ್ನೊಂದು

ಮೊದಲು ಅಳೆದೆ.
ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದರೆ
ಒಂಬತ್ತು ಅಡಿಗೆ ಹನ್ನೊಂದು,
ಅದರಲ್ಲಿ ಕಪಾಟು ತಿಂದದ್ದು ಎರಡು,
ಬಾಗಿಲು ತೆರೆದುಕೊಳ್ಳಲು ಬೇಡುವ ಕಾಲು ಚಕ್ರ ಒಂದು.
ಉಳಿದದ್ದು ಚಾಪೆಯಗಲ.
ರವಿಕೆ ಅಳೆಯುವ ಟೇಪಿನಲ್ಲೇ ಸೊಂಟವನ್ನೂ ಅಳೆದು
ಎರಡೂ ಅಂಕಿಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ:
ಕೋಣೆ ಇಷ್ಟು, ನಾನು ಇಷ್ಟು.

ಇಪ್ಪತ್ತೆರಡು ವರ್ಷ ಕಾರವಾರ, ಅಂಕೋಲಾ ಬಸ್ಸಿನಲ್ಲಿ
ಕಂಬಿ ಹಿಡಿಯದೆ ನಿಂತವಳು ನಾನು.
ಅರಗಾದ ತಿರುವಿನಲ್ಲಿ ಬಸ್ಸು ಬಲಕ್ಕೆ ಎಸೆದರೆ
ಸೊಂಟ ತಾನಾಗಿ ಎಡಕ್ಕೆ;
ಬಾಯಲ್ಲಿ ಚಿಲ್ಲರೆಯ ಲೆಕ್ಕ, ಕೈಯಲ್ಲಿ ಟಿಕೆಟು,
ಕಾಲ ಬೆರಳುಗಳಲ್ಲಿ ರಸ್ತೆಯ ಪ್ರತಿ ಗುಂಡಿಯ ಜಾತಕ.
ಈಗ ಡಿಪೋದ ಮೇಜು, ಕುರ್ಚಿ, ರಬ್ಬರ್ ಸ್ಟಾಂಪು.
ಎರಡೇ ವರ್ಷಕ್ಕೆ ಖಾಕಿ ಅಂಗಿಯ ಮೂರನೇ ಗುಂಡಿ
ಕಿತ್ತುಬಂದು ಕ್ಯಾಷ್ ಪುಸ್ತಕದ ಮೇಲೆ ಬಿತ್ತು.

ಗ್ರೀನ್ ಸ್ಟ್ರೀಟಿನ ಕಲ್ಗುಟಕರ ಮೊದಲು ತೋರಿಸಿದ್ದು ಓಡುವ ಯಂತ್ರ.
ಓಡಿಯೂ ಎಲ್ಲಿಗೂ ಹೋಗದ್ದಕ್ಕೆ
ಎಷ್ಟರ ಟಿಕೆಟು ಹರಿಯಲಿ ಅಂತ ಕೇಳಿದೆ.
ಅವನು ನಗಲಿಲ್ಲ.
ಆಮೇಲೆ ತುಳಿಯುವ ಸೈಕಲ್ಲು, ಊರಿಗೆ ಹೋಗದ್ದು.
ಆಮೇಲೆ ಡಂಬೆಲ್ಲು, ಐದು ಕೆಜಿಯ ಜೋಡಿ.
ಕಬ್ಬಿಣ ಬೇಡ ಮಾರಾಯ,
ಕೋಡಿಬಾಗದ ನಮ್ಮ ಕಿಟಕಿಯ ಸರಳುಗಳನ್ನೇ
ಕಡಲ ಗಾಳಿ ನೆಕ್ಕಿ ನೆಕ್ಕಿ ಸಣ್ಣ ಮಾಡಿದೆ,
ನಾನು ತೆಳ್ಳಗಾಗುವ ಮೊದಲೇ
ಡಂಬೆಲ್ಲು ತೆಳ್ಳಗಾದೀತು.

ಕೊನೆಗೆ ತಂದದ್ದು ಹಸಿರು ರಬ್ಬರು ಪಟ್ಟಿ, ಚಾಪೆ, ಹಾರುವ ಹಗ್ಗ.
ಪಟ್ಟಿಯನ್ನು ಬಾಗಿಲ ಹಿಡಿಕೆಗೆ ಕಟ್ಟಿ ಎಳೆದೆ,
ಮೊದಲ ದಿನವೇ ಹಿಡಿಕೆ ಕೈಗೆ ಬಂತು.
ಎರಡನೇ ದಿನ ಹಗ್ಗ ಫ್ಯಾನಿಗೆ ಸುತ್ತಿಕೊಂಡಿತು,
ಫ್ಯಾನು ಇಂದಿಗೂ ಸ್ವಲ್ಪ ಕುಂಟುತ್ತದೆ.
ಭಾರಕ್ಕೆ ಐದು ಲೀಟರಿನ ಎರಡು ನೀರಿನ ಕ್ಯಾನು;
ನಲ್ಲಿ ಬಾರದ ದಿನ ಒಂದನ್ನು ಅನ್ನಕ್ಕೆ ಸುರಿದು
ಒಂದೇ ಕೈಯ ವ್ಯಾಯಾಮ.

ಕಷ್ಟವಾದದ್ದು ಒಂಟಿಕಾಲು.
ಮೊಬೈಲಿನ ಹುಡುಗಿ ಕೊಕ್ಕರೆಯ ಹಾಗೆ ನಿಂತು ನಗುತ್ತಾಳೆ,
ನಾನು ನಾಲ್ಕು ಎಣಿಸುವುದರೊಳಗೆ ಕಪಾಟಿನ ಮೇಲೆ.
ಅಲುಗುವ ನೆಲದ ಮೇಲೆ ಆಯುಷ್ಯ ಕಳೆದವಳಿಗೆ
ಅಲುಗದ ನೆಲ ಹೀಗೆ ಕೈಕೊಡುತ್ತದೆಂದು
ಯಾವ ಟ್ರೈನಿಂಗಿನಲ್ಲೂ ಹೇಳಿರಲಿಲ್ಲ.

ಕೆಳಗಿನಿಂದ ಟಕ್, ಟಕ್.
ಇಸ್ಮೇನಿಯಾ ಬಾಯಿ, ಕೋಲಿನಿಂದ ಚಾವಣಿಗೆ.
ಹಗ್ಗ ಬಿಟ್ಟೆ. ಹಾರುವುದು ಬಿಟ್ಟೆ.
ಐದೂವರೆಯನ್ನು ಆರೂಕಾಲಿಗೆ ತಳ್ಳಿದೆ.
ಆದರೂ ಟಕ್.
ಅಂಕೋಲೆಯ ಇಶಾಡು ಮಾವು ನಾಲ್ಕು ಹಿಡಿದು
ತಪ್ಪಾಯಿತು ಅನ್ನಲು ಇಳಿದರೆ
ಬಾಗಿಲು ತೆರೆದವರ ಕಣಕಾಲಿಗೆ ಮರಳಿನ ಚೀಲ,
ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದದ್ದು.
ಮಂಡಿ ಕೊಯ್ದ ಡಾಕ್ಟರು ದಿನಾ ಹತ್ತು ಸಲ ಎತ್ತಿ ಅಂದಿದ್ದಾರಂತೆ.
"ಬೈಲಿಕ್ಕಲ್ಲ ಮಗಾ," ಅಂದರು,
"ನೀನು ಗಡಿಬಿಡಿ ಮಾಡ್ತೀ, ನನಗೆ ಲೆಕ್ಕ ತಪ್ತದೆ.
ಸಾವಕಾಶ ಮಾಡು ಅಂತ."

ಈಗ ಕೋಲು ಅವರದು, ಕಾಲು ಇಬ್ಬರದೂ.
ಅವರು ಏಕ, ದೋನ, ತೀನ,
ನಾನು ಒಂದು, ಎರಡು, ಮೂರು,
ನಡುವೆ ಒಂದು ಸ್ಲ್ಯಾಬು.
ಐದಕ್ಕೆ ಅವರು ಯಾವಾಗಲೂ ತುಸು ನಿಲ್ಲುತ್ತಾರೆ.
ನಾನೂ ಒಂಟಿಕಾಲಲ್ಲೇ ಕಾಯುತ್ತೇನೆ:
ಹತ್ತುವವರು ಇನ್ನೊಬ್ಬರಿದ್ದಾರೆ,
ರೈಟ್ ಅನ್ನಬಾರದು.

ಹೋದ ವಾರ ಅವರು ಮಡಗಾಂವಿಗೆ, ತಂಗಿಯ ಮನೆಗೆ.
ಏಳು ದಿನ ಚಾಪೆ ಸುತ್ತಿದ ಹಾಗೇ ಇತ್ತು.
ಕ್ಯಾಲೆಂಡರನ್ನು ತಿರುಗಿಸಿ ನೋಡಿಲ್ಲ.
ನಿನ್ನೆ ರಾತ್ರಿ ಕೆಳಗೆ ಬೀಗ ತೆಗೆದ ಸದ್ದು.
ಕ್ಯಾನು ತುಂಬಿಸಿಟ್ಟೆ.